6 ಮಕ್ಕಳು 19 ಆದರು, ಈಗ ಕಟ್ಟಡ ಬೇಕಾ?

ಪ್ರಶ್ನೆ: ಜಮಖಂಡಿ ಹತ್ತಿರದ ಹಳ್ಳಿಯ ನಾಲ್ವರು ಗೆಳೆಯರು ನಾವು. ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡ 6 ಮಕ್ಕಳ ಶಾಲೆ ಖರ್ಚು ನೋಡಿಕೊಳ್ಳಲು ಶುರು ಮಾಡಿದೆವು. ಈಗ 19 ಮಕ್ಕಳಿದ್ದಾರೆ. ದಾನಿಯೊಬ್ಬರು ಎರಡಂತಸ್ತಿನ ಕಟ್ಟಡ ಕೊಡುತ್ತೇನೆ, ಅನಾಥಾಶ್ರಮ ಮಾಡಿ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳೋಣವೇ ಅಕ್ಕಾ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ತಮ್ಮಾ, ಕಟ್ಟಡ ಅಂದ ಕೂಡಲೇ ಎಷ್ಟು ಖುಷಿ ಆಗುತ್ತೆ ಅಂತ ಗೊತ್ತು. ವಿಜಯಪುರದಲ್ಲಿ ನಾನೂ ನನ್ನ ತಂಗಿಯೂ ಬಾಡಿಗೆ ಮನೆಯಲ್ಲಿ 4 ಮಕ್ಕಳನ್ನು ಇಟ್ಟುಕೊಂಡು ಶುರು ಮಾಡಿದ್ದು. ಆರನೇ ವರ್ಷಕ್ಕೆ 32 ಆದರು. ಬಂದವರೆಲ್ಲ ಬೆನ್ನು ತಟ್ಟಿದರು.

ಆಗ ಇಂಡಿ ಕಡೆಯ ಒಬ್ಬ ಹುಡುಗಿ ದಿನಾ ಅರ್ಧ ಖಡಕ್ ರೊಟ್ಟಿ ಮುರಿದು, ಹಳೆ ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದಳು. ರಾತ್ರಿ ಹಸಿವಾಗುತ್ತೇನೋ ಅಂದುಕೊಂಡೆವು. ಕೇಳಿದರೆ, "ಆಯಿಗ್ರಿ ಅಕ್ಕಾರ, ಐತವಾರ ಬರ್ತಾಳಲ್ರಿ" ಅಂದಳು. ಆಯಿ ಅಂದರೆ ಅವಳ ಅಜ್ಜಿ.

ಅವತ್ತು ಸಂಜೆ ರಿಜಿಸ್ಟರ್ ತೆಗೆದು ಕೂತೆ. 32ರಲ್ಲಿ ಅಪ್ಪ ಅವ್ವ ಇಬ್ಬರೂ ಇಲ್ಲದವರು ಐದೇ ಮಂದಿ. ಉಳಿದವರಿಗೆ ಅವ್ವನೋ ಆಯಿಯೋ ಸೋದರಮಾವನೋ ಇದ್ದರು. ಗಂಡ ಸತ್ತ ಮೇಲೆ ಗೋವಾಕ್ಕೆ ದುಡಿಯಲು ಹೋದವಳು, ಕಬ್ಬಿನ ಗ್ಯಾಂಗ್ ಸೇರಿದವಳು ಮಗುವನ್ನು ನಮ್ಮಲ್ಲಿ ಬಿಟ್ಟಿದ್ದಳು, ಅಷ್ಟೇ.

ಆ ಆಯಿಗೆ ತಿಂಗಳಿಗಿಷ್ಟು ದುಡ್ಡು ಕೈಗೆ ಬಂದಿದ್ದರೆ ಮೊಮ್ಮಗಳನ್ನು ಬಿಡುತ್ತಲೇ ಇರಲಿಲ್ಲ. ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಮಕ್ಕಳ ಯೋಜನೆಯಲ್ಲಿ ಇದಕ್ಕೇ ಪ್ರಾಯೋಜಕತ್ವ ಅಂತ ಇದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ದಾಟಿರಬಾರದು. ವಿಧವೆಯ ಮಕ್ಕಳಿಗೂ, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೂ ಅವಕಾಶ ಉಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ಕಾಗದಪತ್ರದ್ದೇ ಕಷ್ಟ. ಆ ಆಯಿಯ ಮಗ ತೀರಿಕೊಂಡ ದಾಖಲೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿತ್ತು. ಒಂದು ಕಚೇರಿಯವರು ಅದಕ್ಕೇ ಎರಡು ತಿಂಗಳು ಸುತ್ತಾಡಿಸಿದರು. ಹುಡುಗಿ ಊರಿಗೆ ಹೋದಳು, ನಮಗೆ ಓಡಾಟವೇ ಕೆಲಸವಾಯಿತು. ಈಗ ನಮ್ಮಲ್ಲಿರುವುದು 12 ಮಂಚ. ತಮ್ಮ ಮನೆಯಲ್ಲೇ ಇದ್ದು ಓದುವ ಮಕ್ಕಳು 70 ದಾಟಿದ್ದಾರೆ.

ಇಷ್ಟಾದ ಮೇಲೂ ಆಶ್ರಮವೇ ಬೇಕು ಅಂದರೆ, 2015ರ ಬಾಲನ್ಯಾಯ ಕಾಯ್ದೆಯಲ್ಲಿ ನೋಂದಣಿ ಆಗುವ ತನಕ ಒಂದು ಮಗುವನ್ನೂ ಅಲ್ಲಿ ಮಲಗಿಸಬೇಡಿ. ಸೊಸೈಟಿ ನೋಂದಣಿ, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಇದ್ದರೆ ಸಾಕು ಅಂದುಕೊಳ್ಳುವವರೇ ಜಾಸ್ತಿ. ಸಾಲದು. ಆ ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಎರಡೂ ಆಗಬಹುದು. ಯಾವ ಮಗು ಎಲ್ಲಿರಬೇಕು ಅಂತ ಹೇಳುವುದು ಮಕ್ಕಳ ಕಲ್ಯಾಣ ಸಮಿತಿ, ನೀವಲ್ಲ. ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ಅವರ ಮುಂದೆ ಹಾಜರುಪಡಿಸಬೇಕು. ದಾರಿಗೆ ಹಿಡಿಯುವ ಹೊತ್ತು ಅದರಲ್ಲಿ ಸೇರುವುದಿಲ್ಲ.

ದಾನಿಯನ್ನು ಸುಮ್ನೆ ಕಳೆದುಕೊಳ್ಳಬೇಡಿ. ಕೆಳಗಿನ ಅಂತಸ್ತಿನಲ್ಲಿ ಸಂಜೆ ಪಾಠ ನಡೆಸಿ, ಮೇಲಿನದನ್ನು ಬಾಡಿಗೆಗೆ ಬಿಡೋಣ ಅಂತ ಕೇಳಿ ನೋಡಿ. ಆ ಬಾಡಿಗೆಯಲ್ಲಿ, ಮಕ್ಕಳ ಅರ್ಜಿ ಕಾಗದಪತ್ರ ಹಿಡಿದು ಓಡಾಡಲು ಒಬ್ಬ ಹುಡುಗನನ್ನು ಸಂಬಳಕ್ಕೆ ಇಟ್ಟುಕೊಳ್ಳಿ. ಬೈಕ್ ಇರಬೇಕು, ಕಚೇರಿಯಲ್ಲಿ ಕಾಯುವ ತಾಳ್ಮೆಯೂ ಇರಬೇಕು.