ಓದುಗರ ಪ್ರಶ್ನೆ: ಎಳೆದು ಜೋಡಿಸುವ ಪಟ್ಟಿ ಮೊಬೈಲಿನಲ್ಲಿ ಹಟ ಹಿಡಿದರೆ

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಗೆ ಬರುವ ಭತ್ತದ ಲಾರಿಗಳ ಸರದಿ ಒಂದು ವೆಬ್ ಪುಟದಲ್ಲಿದೆ. ಆಫೀಸಿನ ಕಂಪ್ಯೂಟರಿನಲ್ಲಿ ಸಾಲುಗಳನ್ನು ಎಳೆದು ಹಿಂದೆ-ಮುಂದೆ ಮಾಡಬಹುದು. ಗೇಟಿನಲ್ಲಿರುವವರು ಮೊಬೈಲಿನಲ್ಲಿ ಎಳೆದರೆ ಪುಟವೇ ಸರಿಯುತ್ತದೆ. ಏನು ಮಾಡಲಿ?
– ಓದುಗರು, ಗಂಗಾವತಿ

ಉತ್ತರ: ಸಾಲುಗಳಿಗೆ ‘ಡ್ರ್ಯಾಗಬಲ್’ ಎಂದು ಹಾಕಿ ಬ್ರೌಸರಿನದೇ ಡ್ರ್ಯಾಗ್ ಸೌಲಭ್ಯ ಬಳಸಿದ್ದೀರಿ ಅನ್ನಿಸುತ್ತದೆ. ಅದು ಮೌಸಿಗೆಂದು ಮಾಡಿದ್ದು. ಬೆರಳಿಗೆ ಎಲ್ಲ ಫೋನುಗಳಲ್ಲೂ ಒಂದೇ ತರಹ ನಡೆಯುವುದಿಲ್ಲ. ಮೌಸು, ಬೆರಳು ಎರಡರ ಚಲನೆಯನ್ನೂ ಒಂದೇ ಬಗೆಯಲ್ಲಿ ತಿಳಿಸುವ ಪಾಯಿಂಟರ್ ಇವೆಂಟ್‌ಗಳಿಗೆ ಬದಲಿಸಿಕೊಳ್ಳಿ. ಅಲ್ಲೂ ಒಂದು ತೊಡಕಿದೆ: ಬೆರಳು ಸರಿದದ್ದನ್ನು ಬ್ರೌಸರು ಸ್ಕ್ರೋಲ್ ಎಂದು ತಿಳಿದರೆ ‘ಪಾಯಿಂಟರ್ ಕ್ಯಾನ್ಸಲ್’ ಕಳಿಸಿ ನಿಮ್ಮ ಕೋಡಿನ ಕೈ ಬಿಡುತ್ತದೆ, ಸಾಲು ಅರ್ಧದಲ್ಲೇ ನಿಲ್ಲುತ್ತದೆ. ಇದನ್ನು ತಡೆಯಲು ಸಿಎಸ್‌ಎಸ್‌ನಲ್ಲಿ ‘ಟಚ್-ಆ್ಯಕ್ಷನ್: ನನ್’ (touch-action: none) ಎಂದು ಬರೆಯಬೇಕು. ಆದರೆ ಇಡೀ ಸಾಲಿಗೆ ಖಂಡಿತ ಬೇಡ. ಹಾಗೆ ಮಾಡಿದರೆ ಪಟ್ಟಿಯ ಮೇಲೆ ಎಲ್ಲಿ ಬೆರಳಿಟ್ಟರೂ ಪುಟ ಸರಿಯದು, ಇಪ್ಪತ್ತನೇ ಲಾರಿ ನೋಡಲಾಗದೆ ಗೇಟಿನವರು ಪರದಾಡುತ್ತಾರೆ. ಸಾಲಿನ ಬಲತುದಿಗೆ ಮೂರು ಗೆರೆಯ ಹಿಡಿಕೆ ಇಟ್ಟು ಅದಕ್ಕಷ್ಟೇ ಹಾಕಿ. ಹಿಡಿಕೆ 44 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಲಿ. ಧೂಳು ಹಿಡಿದ ಪರದೆಯ ಮೇಲೂ ಬೆರಳು ತಪ್ಪದು.

ಸ್ವಂತ ಕೋಡ್ ಬೇಡವೆಂದರೆ ಸಾರ್ಟಬಲ್‌ಜೆಎಸ್ ಎಂಬ ಸಿದ್ಧ ಕೋಡ್ ಸಂಗ್ರಹ ಇದೆ, ಉಚಿತ. ಅದರಲ್ಲಿ ‘ಹ್ಯಾಂಡಲ್’ಗೆ ಹಿಡಿಕೆಯ ಕ್ಲಾಸ್ ಹೆಸರನ್ನು ಮೊದಲಿಗೆ ಚುಕ್ಕಿ ಇಟ್ಟು ಕೊಡಿ, ‘ಆ್ಯನಿಮೇಷನ್’ 150 ಮಿಲಿಸೆಕೆಂಡ್ ಇಡಿ. ಹಿಡಿಕೆ ಇಡಲು ಜಾಗವಿಲ್ಲದಿದ್ದರೆ ಮಾತ್ರ ‘ಡಿಲೇ’ 200 ಮಿಲಿಸೆಕೆಂಡ್ ಮಾಡಿ, ಅಷ್ಟು ಹೊತ್ತು ಒತ್ತಿ ಹಿಡಿದರೆ ಮಾತ್ರ ಸಾಲು ಏಳುತ್ತದೆ. ಇದು ಬೆರಳಿಗೆ ಮಾತ್ರ ಅನ್ವಯಿಸಲು ‘ಡಿಲೇ ಆನ್ ಟಚ್ ಓನ್ಲಿ’ ಜೊತೆಗಿಡಿ. ನಮ್ಮ ಮತ ಹಿಡಿಕೆಗೇ. ಒತ್ತಿ ಹಿಡಿಯಬೇಕೆಂದು ಯಾರಿಗೂ ತಾನಾಗಿ ಹೊಳೆಯುವುದಿಲ್ಲ.

ಪ್ರತಿ ಸಾಲಿಗೂ ‘ಮೇಲೆ’, ‘ಕೆಳಗೆ’ ಬಟನ್ ಕೂಡ ಇರಲಿ. ಎಳೆಯಲಾಗದವರಿಗೆ ಬೇರೆ ದಾರಿ ಇರಬೇಕೆಂದು ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಬೇಕೆಂದು ರೂಪಿಸಿದ 2023ರ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯೇ ಹೇಳುತ್ತದೆ.

ಪ್ರಶ್ನೆ: ಬ್ರೌಸರಿನದೇ ಡ್ರ್ಯಾಗ್ ಸೌಲಭ್ಯ ಬಳಸಿದ್ದೇವೆ. ಸಾಲನ್ನು ಎಳೆದು ಬಿಟ್ಟರೆ ‘ಡ್ರಾಪ್’ ಇವೆಂಟ್ ಬರುವುದೇ ಇಲ್ಲ. ಎರರ್ ಕೂಡ ಇಲ್ಲ.
– ಓದುಗರು, ರಾಯಚೂರು

ಉತ್ತರ: ಎಳೆದದ್ದು ಒಂದು ಜಾಗದ ಮೇಲಿರುವಾಗ ಬರುವ ‘ಡ್ರ್ಯಾಗ್‌ಓವರ್’ ಇವೆಂಟ್‌ನಲ್ಲಿ ‘ಪ್ರಿವೆಂಟ್ ಡಿಫಾಲ್ಟ್’ ಕರೆಯಿರಿ. ಕರೆಯದಿದ್ದರೆ ಅಲ್ಲಿ ಬಿಡಲು ಅನುಮತಿ ಇಲ್ಲವೆಂದೇ ಬ್ರೌಸರಿನ ಲೆಕ್ಕ.

ಪ್ರಶ್ನೆ: ಜೀನ್ಸ್ ಹೊಲಿಗೆ ಘಟಕದ ಆರ್ಡರುಗಳ ಪಟ್ಟಿ ಜೋಡಿಸುತ್ತೇವೆ. ರಿಫ್ರೆಶ್ ಮಾಡಿದರೆ ಹಳೆಯ ಕ್ರಮಕ್ಕೇ ಬರುತ್ತದೆ.
– ಓದುಗರು, ಬಳ್ಳಾರಿ

ಉತ್ತರ: ಎಳೆದಾಗ ಬದಲಾಗುವುದು ಪರದೆ ಮಾತ್ರ, ಡೇಟಾಬೇಸ್ ಅಲ್ಲ. ಟೇಬಲ್‌ಗೆ ‘ಸ್ಥಾನ’ ಎಂಬ ಕಾಲಂ ಸೇರಿಸಿ 1000, 2000, 3000 ಎಂದು ಅಂತರ ಬಿಟ್ಟು ತುಂಬಿ, ಪಟ್ಟಿಯನ್ನು ಅದೇ ಕ್ರಮದಲ್ಲಿ ತೆಗೆಯಿರಿ. ಮೊದಲೆರಡರ ನಡುವೆ ಒಂದು ಆರ್ಡರ್ ಬಿದ್ದರೆ ಅದಕ್ಕೆ 1500 ಬರೆದರೆ ಸಾಕು, ಉಳಿದ ಸಾಲು ಮುಟ್ಟಬೇಕಿಲ್ಲ. ಒಂದೇ ಕಡೆ ಒಂಬತ್ತು-ಹತ್ತು ಸಲ ತೂರಿಸಿದರೆ ಅಂತರ ಮುಗಿಯುತ್ತದೆ. ಆಗ ಇಡೀ ಪಟ್ಟಿಗೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಬದಲಾಗಬೇಕು, ಇಲ್ಲವೇ ಒಂದೂ ಬದಲಾಗಬಾರದು) ಹೊಸ ಸಂಖ್ಯೆ ಕೊಡಿ. ಸಾರ್ಟಬಲ್‌ಜೆಎಸ್ ಬಳಸಿದ್ದರೆ, ಎಳೆದು ಬಿಟ್ಟಾಗ ನಡೆಯುವ ‘ಆನ್‌ಎಂಡ್’ನಲ್ಲಿ ಸರ್ವರಿಗೆ ಕಳಿಸುವಾಗ ಸಾಲಿನ ಕ್ರಮಸಂಖ್ಯೆ ಬೇಡ, ಸರಿಸಿದ ಆರ್ಡರಿನ ಐಡಿ, ಅದರ ಹಿಂದಿನ ಮತ್ತು ಮುಂದಿನ ಆರ್ಡರಿನ ಐಡಿ ಕಳಿಸಿ. ಇಬ್ಬರು ಒಟ್ಟಿಗೆ ಪಟ್ಟಿ ತೆರೆದಿದ್ದರೆ ಕ್ರಮಸಂಖ್ಯೆ ತಪ್ಪು ಸಾಲನ್ನು ತೋರಿಸಬಹುದು, ಐಡಿ ತೋರಿಸದು. ಉಳಿಸುವುದು ವಿಫಲವಾದರೆ ಸಾಲನ್ನು ಹಳೆಯ ಜಾಗಕ್ಕೆ ಮರಳಿಸಿ, ‘ಉಳಿಯಲಿಲ್ಲ’ ಎಂದು ಪರದೆಯ ಮೇಲೆ ತೋರಿಸಿ.