ಕಲ್ಲಿನೊಳಗಿನ ಗೊಂಚಲು, ಸಿವುಡು, ಸೂಜಿ

ಪ್ರಶ್ನೆ: ನಾವು ಗದಗದ ಕಡೆಯವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೀವಿ. ಎಂಟನೇ ಕ್ಲಾಸಿನ ಮಗಳಿಗೆ ಕಲ್ಲು ಕೂಡಿಡೋ ಹುಚ್ಚು. ಒಂದು ಗುಂಡು ಗುಂಡಾಗಿ ಉಬ್ಬಿದೆ, ಒಂದು ಹುಲ್ಲಿನ ಕಟ್ಟಿನ ಥರ ಇದೆ, ಇನ್ನೊಂದು ಬಿಳಿ ಸೂಜಿಗಳ ಗುಚ್ಛ. ಪುಸ್ತಕದಲ್ಲಿ ಬೋಟ್ರಿಯಾಯ್ಡಲ್, ಅಸಿಕ್ಯುಲರ್ ಅಂತೆಲ್ಲ ಇದೆ. ಲೇಬಲ್‌ಗೆ ಕನ್ನಡದಲ್ಲಿ ಏನು ಬರೀಬೇಕು ರೀ?

ಉತ್ತರ: ನೀವು ಈ ಪತ್ರದಲ್ಲೇ ಅರ್ಧ ಬರೆದುಬಿಟ್ಟಿದ್ದೀರಿ! ಬೋಟ್ರಿಸ್ ಅಂದ್ರೆ ಗ್ರೀಕ್‌ನಲ್ಲಿ ದ್ರಾಕ್ಷಿ ಗೊಂಚಲು, ಹಾಗಾಗಿ ಮೊದಲನೇದಕ್ಕೆ ಧೈರ್ಯವಾಗಿ 'ಗೊಂಚಲು' ಅಂತ ಬರೀರಿ. ಇದು ಯಾಕೆ ಗುಂಡಾಗುತ್ತೆ ಅಂದ್ರೆ, ಒಂದು ಬಿಂದುವಿಂದ ಸಣ್ಣ ಸಣ್ಣ ಎಳೆಗಳು ಎಲ್ಲಾ ದಿಕ್ಕಿಗೂ ಒಂದೇ ಸಮ ಬೆಳೀತವೆ, ಪಕ್ಕದ ಗುಂಡು ಅಡ್ಡ ಬಂದಲ್ಲಿ ನಿಲ್ತವೆ. ಉಬ್ಬು ದೊಡ್ಡದಾಗಿ ಮೂತ್ರಪಿಂಡದ ಹಾಗಿದ್ರೆ ಅದಕ್ಕೆ ರೆನಿಫಾರ್ಮ್ ಅಂತಾರೆ, ಹೆಮಟೈಟ್ ಅನ್ನೋ ಕಬ್ಬಿಣದ ಅದಿರಿನಲ್ಲಿ ಇದು ಚೆನ್ನಾಗಿ ಕಾಣುತ್ತೆ.

ಎರಡನೇದು ಬಹುಶಃ ಸ್ಟಿಲ್ಬೈಟ್ ಅನ್ನೋ ಖನಿಜ. ನಡು ಸಣ್ಣ, ಎರಡೂ ತುದಿ ಅರಳಿದ್ರೆ ಅದು 'ಸಿವುಡು', ಜೋಳದ ಸಿವುಡು ಕಟ್ಟೋದನ್ನ ಊರಲ್ಲಿ ನೋಡಿದವರಿಗೆ ಇದಕ್ಕಿಂತ ಸರಿಯಾದ ಮಾತು ಬೇರೆ ಬೇಡ.

ಮೂರನೇದು ಅಸಿಕ್ಯುಲರ್, ಅಂದ್ರೆ 'ಸೂಜಿ'. ಸ್ಕೋಲೆಸೈಟ್ ಅನ್ನೋ ಖನಿಜ ಹೀಗೇ ಒಂದೇ ಕಡೆಯಿಂದ ಬೀಸಣಿಗೆಯಂತೆ ಚದುರುತ್ತೆ. ಆದ್ರೆ ಸೂಜಿ ಕೂದಲಿನಷ್ಟು ತೆಳುವಾಗಿದ್ದು ಹತ್ತಿ ಉಂಡೆ ಥರ ಕಂಡ್ರೆ ಅದು ಓಕೆನೈಟ್ ಅನ್ನೋ ಇನ್ನೊಂದು ಖನಿಜ ಇರಬಹುದು, ದಯವಿಟ್ಟು ಮುಟ್ಟೋಕೆ ಬಿಡಬೇಡಿ, ಒಮ್ಮೆ ಒತ್ತಿದ ಎಳೆ ಮತ್ತೆ ನೆಟ್ಟಗಾಗಲ್ಲ.

ನಿಮ್ಮ ಸುತ್ತ ಇವೆಲ್ಲ ಯಾಕೆ ಸಿಗ್ತವೆ ಅಂದ್ರೆ, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರಿದಾಗ ಗ್ಯಾಸಿನ ಗುಳ್ಳೆಗಳು ಪೊಳ್ಳಾಗಿ ಉಳಿದವು, ಆಮೇಲೆ ನೀರು ಒಳಗೆ ಇಳಿದು ಅಲ್ಲಿ ಖನಿಜ ಕೂರಿಸ್ತು, ಬೆಳೆಯೋಕೆ ಖಾಲಿ ಜಾಗ ಇದ್ದಿದ್ದಕ್ಕೇ ಈ ಆಕಾರಗಳು. ಪುಣೆ ಹತ್ತಿರದ ವಾಘೋಲಿಯ ಕ್ವಾರಿಗಳಲ್ಲಿ ಸಿಗೋ ಕ್ಯಾವನ್ಸೈಟ್ ಅನ್ನೋ ನೀಲಿ ಖನಿಜದ ಹೂವುಂಡೆಗಳೂ ಹಾಗೇ ಆದವು.

ಒಂದು ಮಾತ್ರ ಮಗಳಿಗೆ ಬಿಡಿಸಿ ಹೇಳಿ: ಆಕಾರ ಬೇರೆ, ಖನಿಜದ ಹೆಸರು ಬೇರೆ. ಚಾಲ್ಸೆಡನಿ ಅನ್ನೋ ಖನಿಜನೂ ಗೊಂಚಲಾಗುತ್ತೆ, ಪ್ರೆಹ್ನೈಟೂ ಆಗುತ್ತೆ, ಮ್ಯಾಲಕೈಟೂ ಆಗುತ್ತೆ. ಅದಕ್ಕೆ ಲೇಬಲ್‌ನಲ್ಲಿ ಮೊದಲ ಸಾಲು ಆಕಾರ, ಸಿಕ್ಕ ಜಾಗ, ಬಣ್ಣ. ಹೆಸರಿನ ಸಾಲು ಗೊತ್ತಾಗೋವರೆಗೂ ಖಾಲಿ ಬಿಡಲಿ.