ಓದಿನ ಜೊತೆ ಊರಿನ ಕೆಲಸವೂ ಆಗುತ್ತಾ?

"ಶಿವಮೊಗ್ಗದಲ್ಲಿ ಬಿಎಸ್ಸಿ ಎರಡನೇ ವರ್ಷ, ಕೆಮಿಸ್ಟ್ರಿ ಮತ್ತು ಬಾಟನಿ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದರೆ ಮಾರ್ಕ್ಸ್ ಹಾಳಾಗುತ್ತೆ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ. ಎರಡನ್ನೂ ಮಾಡಿದವರು ಹೇಳಿ" ಎಂದು ಕೇಳಿದ್ದೀರಿ.

ನಾನು ಮಾಡಿದ್ದೇನೆ. ಶಿವಮೊಗ್ಗದಲ್ಲೇ ಡಿಗ್ರಿ, ಆಮೇಲೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಕೆಮಿಸ್ಟ್ರಿ. ಮೊದಲು ಮನೆಯವರ ಲೆಕ್ಕ ನೋಡೋಣ. ಎನ್ನೆಸ್ಸೆಸ್ ಕೇಳುವುದು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಜೊತೆಗೆ ಏಳು ದಿನದ ಕ್ಯಾಂಪ್. ವಾರಕ್ಕೆ ಹಂಚಿದರೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಇಷ್ಟಕ್ಕೆಲ್ಲ ಮಾರ್ಕ್ಸ್ ಹೋಗುವುದಿಲ್ಲ. ಹೋಗುವುದು ಪ್ರಾಕ್ಟಿಕಲ್ ತಪ್ಪಿಸಿದರೆ. ಕ್ಯಾಂಪಿಗೆ ಹೊರಡುವ ಮುಂಚೆ ರೆಕಾರ್ಡ್ ಬರೆದು ಸಹಿ ಹಾಕಿಸಿಬಿಡಿ, ಮುಗೀತು.

ನನ್ನ ತಕರಾರು ಬೇರೆ. ಎಷ್ಟೋ ಕ್ಯಾಂಪುಗಳಲ್ಲಿ ದೇವಸ್ಥಾನದ ಅಂಗಳ ಗುಡಿಸಿ, ಚರಂಡಿ ತೆಗೆದು, ಸಂಜೆ ಹಾಡು ಕುಣಿತ ಮಾಡಿ ಬರುತ್ತಾರೆ. ತಪ್ಪೇನಿಲ್ಲ. ಆದರೆ ಚರಂಡಿ ತೆಗೆಯುವುದು ಊರಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅಲ್ವಾ? ಅವರ ಹತ್ತಿರ ಇಲ್ಲದ್ದು ನಿಮ್ಮ ಲ್ಯಾಬ್. ಅದನ್ನು ಊರಿಗೆ ಒಯ್ಯಿರಿ.

ನಾವು ಹಿಡಿದದ್ದು ಬೋರ್ಡೋ ದ್ರಾವಣ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದ್ದವರೆಲ್ಲ ಕೊಳೆ ರೋಗಕ್ಕೆ ಅದನ್ನು ಹೊಡೆಯುತ್ತಾರೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೂ ಕೆಲವರ ತೋಟದಲ್ಲಿ ಔಷಧಿ ಹೊಡೆದ ಮೇಲೆ ಎಳೆ ಕಾಯಿ ಸುಟ್ಟ ಹಾಗೆ ಆಗುತ್ತಿತ್ತು. ದೂರು ಬೀಳುತ್ತಿದ್ದದ್ದು ಮೈಲುತುತ್ತದ ಮೇಲೆ. ನೋಡಿದರೆ ಸುಣ್ಣ ಹಳೆಯದು. ತೆರೆದಿಟ್ಟ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೋನೇಟ್ ಆಗುತ್ತದೆ, ಆಮ್ಲವನ್ನು ತಣಿಸುವ ಅದರ ಕ್ಷಾರಗುಣ ಹೋಗುತ್ತದೆ. ತೂಕದಲ್ಲಿ ಒಂದು ಕೆಜಿ ಇದ್ದರೂ ಕೆಲಸಕ್ಕೆ ಸಾಲುವುದಿಲ್ಲ. ದ್ರಾವಣ ಆಮ್ಲೀಯವಾಗಿಯೇ ಉಳಿಯುತ್ತದೆ, ಬಿಡಿಯಾಗಿ ಉಳಿದ ತಾಮ್ರ ಕಾಯಿಯನ್ನು ಸುಡುತ್ತದೆ.

ಮನೆ ಮನೆಯ ಸುಣ್ಣದ ಸ್ಯಾಂಪಲ್ ತಂದು ಲ್ಯಾಬಿನಲ್ಲಿ ಟೈಟ್ರೇಶನ್ ಮಾಡಿ, ಅಂದರೆ ಆಮ್ಲ ಹನಿ ಹನಿ ಹಾಕಿ, ಎಷ್ಟು ಕ್ಷಾರ ಉಳಿದಿದೆ ಅಂತ ಅಳೆದೆವು. ಅಲ್ಲಿಯವರೆಗೆ ಟೈಟ್ರೇಶನ್ ಅಂದರೆ ನನಗೆ ಸುಮ್ನೆ ಬಣ್ಣ ಬದಲಾಗುವ ಆಟ. ರೀಡಿಂಗ್ ತಪ್ಪಿದರೆ ಒಬ್ಬರ ತೋಟಕ್ಕೆ ತಪ್ಪು ಲೆಕ್ಕ ಹೋಗುತ್ತದೆ ಅಂತಾದಾಗ ಬ್ಯೂರೆಟ್ ಹಿಡಿಯುವ ಕೈ ತಾನಾಗಿಯೇ ನೆಟ್ಟಗಾಯಿತು. ತೋಟದಲ್ಲಿ ಮಾಡಲು ಇನ್ನೂ ಸುಲಭದ ಪರೀಕ್ಷೆ ಇದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ. ಕೆಂಪು ಲೇಪ ಬಂದರೆ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಕಬ್ಬಿಣ ತಾಮ್ರವನ್ನು ಹೊರದೂಡುವ ಅದೇ ಕ್ರಿಯೆ, ಹೈಸ್ಕೂಲಿನಲ್ಲಿ ಓದಿದ್ದು. ಹಿರಿಯರು ಕೆಲವರು ಇದನ್ನು ನಮಗಿಂತ ಮುಂಚೆಯೇ ಮಾಡುತ್ತಿದ್ದರು, ಯಾಕೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನಿಮ್ಮ ಗೆಳೆಯರು ಜುವಾಲಜಿಯವರಾದರೆ ಅವರ ಕೆಲಸಕ್ಕೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ವಿಷಯ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಇಂದಿಗೂ ಬೇಸಿಗೆಯಲ್ಲಿ ಕಾಡುತ್ತದೆ. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರಾ, ಒಣಗಿದ ತರಗೆಲೆ ಕೊಟ್ಟಿಗೆಗೆ ತರುತ್ತಾರಾ ಅಂತ ಕೇಳಿ ಬರೆಯಬಹುದು. ಉಣುಗು ಹಿಡಿಯಲು, ಸತ್ತ ಮಂಗ ಮುಟ್ಟಲು ಮಾತ್ರ ಹೋಗಬೇಡಿ, ಅದು ತರಬೇತಿ ಆದವರ ಕೆಲಸ. ಕಾಮರ್ಸ್‌ನವರಿಗೆ ಸ್ವಸಹಾಯ ಸಂಘದ ಲೆಕ್ಕಪುಸ್ತಕ ಸಾಕು.

ಇನ್ನೆರಡು ಮಾತು. ಶುರು ಮಾಡುವ ಮುಂಚೆ ಒಬ್ಬ ಮೇಷ್ಟ್ರನ್ನು ಗೈಡ್ ಮಾಡಿಕೊಳ್ಳಿ, ಆಗ ಇದೇ ಕೆಲಸ ಪ್ರಾಜೆಕ್ಟ್ ಆಗಬಹುದು. ಇನ್ನೊಂದು, ರಿಸಲ್ಟ್ ಮೊದಲು ಹೋಗಬೇಕಾದ್ದು ಸುಣ್ಣ ಕೊಟ್ಟ ಮನೆಗೆ, ಆಮೇಲೆ ಕಾಲೇಜಿಗೆ. ಸ್ಯಾಂಪಲ್ ತಗೊಂಡು ಮತ್ತೆ ಮುಖ ತೋರಿಸದ ಹುಡುಗರನ್ನು ಊರಿನವರು ಬೇಕಾದಷ್ಟು ನೋಡಿದ್ದಾರೆ.

ಹೋಗುವುದಾದರೆ ಮೇ ತಿಂಗಳಲ್ಲೇ ಹೋಗಿ, ಮೊದಲ ಔಷಧಿ ಹೊಡೆಯುವ ಮುಂಚೆ. ಮಳೆ ಹಿಡಿಯುವ ಹೊತ್ತಿಗೆ ಎಲ್ಲರೂ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನು ಹುಡುಕಿಕೊಂಡು ಓಡಾಡುತ್ತಿರುತ್ತಾರೆ, ನಿಮ್ಮ ಜೊತೆ ಕೂತು ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ.